ಒಂಬತ್ತು ಹದಿನೇಳಾದ ಬಗೆ

ಸಭೆಗೆ ಹೊರಡುವ ಮುನ್ನ ಅವಳು ಡೈರಿಯಲ್ಲಿ ಬರೆದುಕೊಂಡಳು: ‘ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಸಭೆಯಲ್ಲಿ ನಾನು ಆಡಿರುವ ಮಾತು “ಟೀ ತರಲಾ?” ಅನ್ನುವುದೊಂದೇ. ಇವತ್ತೂ ಅಷ್ಟೇ ಆಗಿಬಿಟ್ಟರೆ?’

ನಾಲ್ಕು ಜನರ ಮುಂದೆ ಬಾಯಿ ತೆರೆಯುವುದೆಂದರೆ ಅವಳಿಗೆ ಎದೆ ಡವಡವ. ಬರೆಯಲು ಕೂತರೆ ಮಾತ್ರ ಪುಟ ಸಾಲದು. ಡಿಗ್ರಿ ಮುಗಿಸಿ ಈ ಸಂಸ್ಥೆಗೆ ಸೇರಿದ್ದೂ ಅದಕ್ಕೇ. ತುಂಬಿದ ಫಾರಂಗಳನ್ನು ಕಂಪ್ಯೂಟರಿಗೆ ಏರಿಸಿದರಾಯಿತು, ಯಾರೊಂದಿಗೂ ಮಾತಿನ ಗೊಡವೆಯಿಲ್ಲ.

ಸಂಸ್ಥೆಯ ಕೆಲಸವೇನೋ ಮಾತಿನದೇ. ಬದುಕು ಸಾಕೆನ್ನಿಸಿದ ಹುಡುಗ ಹುಡುಗಿಯರನ್ನು ಹೊತ್ತಿಗೆ ಸರಿಯಾಗಿ ಮಾತಾಡಿಸಲು ಊರಿನ ಕ್ಷೌರಿಕ, ಟೈಲರ್, ಆಟದ ಕೋಚ್ ಇಂಥವರಿಗೆ ತರಬೇತಿ ಕೊಟ್ಟಿದ್ದರು. ಸುತ್ತಿ ಬಳಸದೆ ನೇರವಾಗಿ ಕೇಳಬೇಕು, ಕೇಳಿದ ಮೇಲೆ ಕೂತು ಕೇಳಿಸಿಕೊಳ್ಳಬೇಕು, ಆಮೇಲೆ ಆಪ್ತಸಲಹೆಗಾರರ ಬಳಿಗೆ ಜೊತೆಯಲ್ಲೇ ಹೋಗಬೇಕು. ಎರಡು ವರ್ಷ ನಡೆದ ಇದರಿಂದ ಉಪಯೋಗವಾಯಿತೇ ಇಲ್ಲವೇ ಎಂದು ಇವತ್ತು ತೀರ್ಮಾನ. ಇಲ್ಲವೆಂದರೆ ಮುಂದಿನ ತಿಂಗಳಿಂದ ಬಂದ್.

ಸಭೆ ಸೇರಿದ್ದು ಅವಳ ಚಿಕ್ಕಮ್ಮನ ಟೈಲರ್ ಅಂಗಡಿಯಲ್ಲಿ. ಕೆಲಸ ನಡೆಯುವ ಜಾಗದಲ್ಲೇ ಕೂರಬೇಕೆಂಬುದು ಅಧ್ಯಕ್ಷೆ ಡಾಕ್ಟರಜ್ಜಿಯ ಹಟ. ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಸ್ಟೂಲು ಹಾಕಿದ್ದಾಯಿತು. ಅಂಕಿಅಂಶ ನೋಡಿಕೊಳ್ಳುವ ಲೆಕ್ಕದಣ್ಣ ಬಂದವರೇ, ಹೇಗೂ ಬಂದಿದ್ದೇನಲ್ಲ ಎಂದು, ಪ್ಯಾಂಟಿನ ಅಳತೆ ಕೊಡಲು ನಿಂತರು.

“ಉಸಿರು ಬಿಡಿ. ಹೊಟ್ಟೆ ಒಳಗೆ ಎಳ್ಕೊಂಡು ನಿಂತ್ರೆ ಆಮೇಲೆ ಒದ್ದಾಡೋರು ನೀವೇ,” ಎಂದಳು ಚಿಕ್ಕಮ್ಮ.

“ಅಕ್ಕಾ, ಎಲ್ಲರೆದುರು ಮರ್ಯಾದೆ ಕಡಿಮೆ ಮಾಡ್ಬೇಡಿ.”

“ಎಲ್ಲಿ ಕಡಿಮೆ? ಹೋದ ಸಲಕ್ಕಿಂತ ಮೂರಿಂಚು ಜಾಸ್ತೀನೇ ಆಗಿದೆ.”

ಡಾಕ್ಟರಜ್ಜಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅವಳೂ ನಕ್ಕಳು. ಹೊಸ ಬಟ್ಟೆಯ ವಾಸನೆ, ಇಸ್ತ್ರಿಯ ಬಿಸಿ, ಪಕ್ಕದವರ ಮಾತು ಪಕ್ಕದವರಿಗಷ್ಟೇ ಕೇಳುವಂತೆ ಮಾಡುವ ಮಿಷನ್ನಿನ ಟಕಟಕ, ಇಲ್ಲಿ ಅವಳಿಗೆ ಎಲ್ಲವೂ ಹಿತ.

ನಗು ಮುಗಿದ ಮೇಲೆ ಲೆಕ್ಕದಣ್ಣ ಕಾಗದ ಬಿಚ್ಚಿದರು. “‘ಸಾಯಬೇಕು ಅನ್ನಿಸಿದೆಯೇ’ ಅನ್ನೋ ಪ್ರಶ್ನೆಗೆ ಶುರುವಿನಲ್ಲಿ ಹೌದು ಅಂದಿದ್ದು ನೂರಕ್ಕೆ ಒಂಬತ್ತು ಜನ. ಈಗ ಹದಿನೇಳು. ಕಡಿಮೆ ಮಾಡೋಕೆ ಹೋಗಿ ಜಾಸ್ತಿ ಮಾಡಿದ್ದೀವಿ.”

ಚಿಕ್ಕಮ್ಮನ ಮುಖ ಸಪ್ಪಗಾಯಿತು. “ಅಂದ್ರೆ ನಾನು ಕೇಳಿದ್ದಕ್ಕೇ ಮಕ್ಕಳ ತಲೆಗೆ ಅದು ಹೊಕ್ಕಿತಾ?”

“ಕೇಳಿದ್ರೆ ಹಾಗಾಗಲ್ಲ ಕಣಮ್ಮ, ಅದು ನನಗೆ ಚೆನ್ನಾಗಿ ಗೊತ್ತು,” ಎಂದರು ಡಾಕ್ಟರಜ್ಜಿ. “ಆದ್ರೆ ಈ ಹದಿನೇಳಕ್ಕೆ ಒಂದು ಕಾರಣ ಬೇಕಲ್ಲ.”

ಕಾರಣ ಅವಳಿಗೆ ಗೊತ್ತಿತ್ತು. ಹಿಂದಿನ ದಿನವೇ ಬರೆದಿಟ್ಟಿದ್ದ ಚೀಟಿಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದಳು. ಡಾಕ್ಟರಜ್ಜಿ ಗಟ್ಟಿಯಾಗಿ ಓದಿದರು. ಮೊದಲ ಸಲದ ಫಾರಂಗಳನ್ನು ಕಾಲೇಜಿನ ಕ್ಲಾಸಿನಲ್ಲೇ, ರೋಲ್ ನಂಬರ್ ಸಮೇತ, ಪಾಠ ಮಾಡುವವರೇ ಇಸಿದುಕೊಂಡಿದ್ದರು. ಈ ಸಲ ಹೆಸರಿಲ್ಲ, ನಂಬರಿಲ್ಲ, ಇಂಥ ಅಂಗಡಿಗಳಲ್ಲಿಟ್ಟ ಬೀಗದ ಡಬ್ಬಕ್ಕೆ ಹಾಕಿದ್ದು. ‘ಯಾರಿಗೆ ಹೇಳಿಕೊಂಡಿರಿ?’ ಎಂಬಲ್ಲಿ ಆಗ ಬರೀ ಖಾಲಿ. ಈಗ ‘ಟೈಲರ್ ಅಕ್ಕ’, ‘ಕೋಚ್ ಸಾರ್’, ‘ಕಟಿಂಗ್ ಅಣ್ಣ’.

ಲೆಕ್ಕದಣ್ಣ ಹಣೆ ಚಚ್ಚಿಕೊಂಡರು. “ಅಯ್ಯೋ, ಪ್ರಶ್ನೆಯಲ್ಲಿ ಒಂದಕ್ಷರ ಆಚೀಚೆ ಆಗ್ಬಾರದು ಅಂತ ಕಾದೆ. ಫಾರಂ ಯಾರ ಕೈಗೆ ಹೋಗುತ್ತೆ ಅಂತ ನೋಡ್ಲೇ ಇಲ್ವಲ್ಲ!” ಮತ್ತೆ ತಲೆ ಕೆರೆದುಕೊಂಡು, “ಆದ್ರೂ ಇದು ಊಹೆ ಆಯ್ತು ಕಣಮ್ಮ. ಆವತ್ತು ಇಲ್ಲ ಅಂದೋರು ಹೆದರಿ ಹಾಗೆ ಬರೆದ್ರು ಅಂತ ಹೇಳೋರು ಯಾರು? ಒಬ್ಬರನ್ನಾದ್ರೂ ತೋರಿಸು, ಇಡೀ ವರದಿ ಹೊಸದಾಗಿ ಬರೀತೀನಿ,” ಎಂದರು.

ತೀರ್ಮಾನ ಬರೆಯಲು ಡಾಕ್ಟರಜ್ಜಿ ಪೆನ್ನಿನ ಮುಚ್ಚಳ ತೆಗೆದರು. ಚಿಕ್ಕಮ್ಮ ಗುಂಡಿಗಳ ಡಬ್ಬ ತೆಗೆದು ಸುಮ್ಮನೆ ಬಣ್ಣ ಬಣ್ಣ ಬೇರೆ ಮಾಡತೊಡಗಿದಳು. ಅಂಗಡಿಯೇ ಮುಚ್ಚಿಹೋದರೂ ಚಿಕ್ಕಮ್ಮ ತನ್ನ ಕಡೆಗೆ ಕಣ್ಣೆತ್ತಿ ನೋಡುವುದಿಲ್ಲವೆಂದು ಅವಳಿಗೆ ಗೊತ್ತು.

ಎರಡು ವರ್ಷದ ಹಿಂದೆ ಇದೇ ಮೇಜಿನ ಪಕ್ಕ ಅವಳ ಅಂಗಿಯ ಅಳತೆ ತೆಗೆಯುತ್ತಿದ್ದ ಚಿಕ್ಕಮ್ಮ ಹಳೇ ಅಳತೆ ಪುಸ್ತಕ ನೋಡಿ, ಸೊಂಟ ಎರಡಿಂಚು ಇಳಿದಿದ್ದು ಕಂಡು, ಟೇಪು ಬದಿಗಿಟ್ಟು ನೇರವಾಗಿ ಕೇಳಿದ್ದಳು. ಅವಳು ಅತ್ತು ಮುಗಿಸುವವರೆಗೆ ಗಿರಾಕಿಗಳನ್ನು ಬಾಗಿಲಿಂದಲೇ ಕಳಿಸಿದ್ದಳು. ಮರುದಿನ ಆಪ್ತಸಲಹೆಗಾರರ ಬಳಿಗೆ ಜೊತೆಯಲ್ಲಿ ಬಸ್ಸು ಹತ್ತಿದ್ದಳು. ಈವರೆಗೆ ಚಿಕ್ಕಮ್ಮ ಮನೆಯಲ್ಲಿ ಒಬ್ಬರೆದುರೂ ಬಾಯಿ ಬಿಟ್ಟಿಲ್ಲ. ಈಗ ಅವಳಿಗೆ ಊಟ ರುಚಿಸುತ್ತದೆ, ಬೆಳಿಗ್ಗೆ ಏಳುವುದು ಭಾರವೆನಿಸುವುದಿಲ್ಲ, ನಾಳೆಗೆಂದು ಎತ್ತಿಟ್ಟ ಕೆಲಸಗಳಿವೆ.

ಅವಳು ಸ್ಟೂಲಿನ ಅಂಚನ್ನು ಹಿಡಿದುಕೊಂಡಳು. ದನಿ ಅವಳೆಣಿಸಿದ್ದಕ್ಕಿಂತ ಗಟ್ಟಿಯಾಗಿಯೇ ಬಂತು.

“ಆವತ್ತು ಆ ಕ್ಲಾಸಿನಲ್ಲಿ ನಾನೂ ಇದ್ದೆ ಅಣ್ಣಾ. ಸಾಯಬೇಕು ಅನ್ನಿಸ್ತಿತ್ತು. ಫಾರಂನಲ್ಲಿ ಇಲ್ಲ ಅಂತ ಬರೆದೆ.”