ಪಾಸಿಂಗಕ್ಕನ ನಾಲಿಗೆ

ನಮ್ಮೂರು ಮರಿಕಿನದ ಚಪ್ಪಲಿ ಅಂಗಡಿಗಳ ನಡುವೆ ಇಸ್ಮೆಲ್ ಎಂಬ ಮುದುಕ ಆರು ಮೇಜು ಹಾಕಿ ಕರಿದ ಕೋಳಿ ಮಾರಲು ಕೂತಾಗ, ಜತೆಗೆ ಕೊಡುವ ಗ್ರೇವಿ ಕುದಿಸುತ್ತಿದ್ದವಳು ಪಾಸಿಂಗಕ್ಕ. ಮೂವತ್ತೆರಡು ವರ್ಷಗಳಲ್ಲಿ ಅಂಗಡಿ ಹಾಂಗ್‌ಕಾಂಗ್, ದುಬೈ, ಮಿಲಾನ್, ಲಂಡನ್ ಎಂದು ಹಬ್ಬಿತು. ಅಕ್ಕ ಒಲೆ ಬಿಟ್ಟು ಪಕ್ಕದ ಊರು ಪಾಸಿಗ್‌ನಲ್ಲಿದ್ದ ಗ್ರೇವಿ ಕಾರ್ಖಾನೆಯ ರುಚಿ ನೋಡುವ ಕೋಣೆಗೆ ಬಂದಳು. ಹಡಗು ಹತ್ತುವ ಗ್ರೇವಿ ಪುಡಿಯನ್ನು ಕಲಸಿ ಇಟ್ಟರೆ, ಒಂದು ಚಮಚ ಬಾಯಿಗೆ ಹಾಕಿ ‘ಆಯ್ತು’ ಅನ್ನಬೇಕು. ಅಷ್ಟೇ ಕೆಲಸ. ದಿನಕ್ಕೆ ನಲವತ್ತು ಚಮಚ.

ಒಂಬತ್ತು ವರ್ಷದಿಂದ ನಾನು ಅವಳ ಪಕ್ಕದಲ್ಲಿ ಕೂತವಳು. ಬಟ್ಟಲು ಕಲಸುವುದು, ಬಿಸಿ ಎಷ್ಟಿದೆ ಎಂದು ಮೊದಲು ನೆಕ್ಕಿ ನೋಡುವುದು, ಅವಳು ಆಯ್ತೆಂದರೆ ಚೀಟಿ ಅಂಟಿಸುವುದು. ಕಿಕ್ಕಿರಿದ ಜೀಪ್ನಿ ಬಸ್ಸು ಎರಡು ಬದಲಿಸಿ ಬರುವಷ್ಟರಲ್ಲೇ ಇಬ್ಬರೂ ಹಣ್ಣಾಗಿರುತ್ತಿದ್ದೆವು.

ಮಾರ್ಚಿನಲ್ಲಿ ಒಂದು ದಿನ ಮಿಲಾನ್‌ಗೆ ಹೋಗುವ ಪುಡಿ ಬಂತು. ನೆಕ್ಕಿದೆ, ಸಪ್ಪೆ. ಅಷ್ಟರಲ್ಲಿ ಚೀಟಿಯ ಸುರುಳಿ ಕೆಳಗೆ ಬಿತ್ತು, ಎತ್ತಿಕೊಳ್ಳಲು ಬಗ್ಗಿದೆ.

“ಆಯ್ತು, ಕಳ್ಸು,” ಅಂದಳು ಅಕ್ಕ.

“ಏನ್ ಆಯ್ತು? ಅಕ್ಕಾ, ಉಪ್ಪೇ ಬಿದ್ದಿಲ್ಲ ಇದಕ್ಕೆ!”

ಅವಳು ಚಮಚ ಕೆಳಗಿಟ್ಟಳು.

“ಆ ಜ್ವರ ಬಂದು ಹೋಯ್ತಲ್ಲ ದೋರಿಂಗ್, ಆವತ್ತಿಂದ ನಂಗೆ ಮೂಗೂ ಇಲ್ಲ, ನಾಲಿಗೇನೂ ಇಲ್ಲ. ಎರಡ್ ವರ್ಷ ಆಯ್ತು.”

“ಮತ್ತೆ ಇಷ್ಟ್ ದಿನ ಹೆಂಗ್ ಹೇಳ್ತಿದ್ದೆ?”

“ನೀನು ಮೊದ್ಲು ನೆಕ್ತೀಯಲ್ಲ, ನಿನ್ ಮುಖ ನೋಡ್ಕೊಂಡು. ಇವತ್ತು ನೀನು ಬಗ್ಗಿಬಿಟ್ಟೆ.”

ನನಗೆ ಸಿಟ್ಟೂ ಬರಲಿಲ್ಲ, ನಗುವೂ ಬರಲಿಲ್ಲ. ಎರಡು ವರ್ಷ ಅಷ್ಟು ಊರುಗಳಿಗೆ ನನ್ನ ಮುಖ ನೋಡಿಯೇ ಗ್ರೇವಿ ಹೋಗಿತ್ತು.

ಮಧ್ಯಾಹ್ನ ಅಕ್ಕ ನನ್ನನ್ನೂ ಕರೆದುಕೊಂಡು ಮಾಲೀಕನ ಕೋಣೆಗೆ ಹೋದಳು. ಆತ ಇಸ್ಮೆಲ್‌ನ ಮಗ ಅನ್ಸೆಲ್ಮೊ. ಚಿಕ್ಕವನಿದ್ದಾಗ ಅಕ್ಕನೇ ಒಲೆಯ ಪಕ್ಕ ಕೂರಿಸಿ ಉಣಿಸಿದ್ದಳಂತೆ. ಲಂಡನ್ನಿಂದ ಹಿಂದಿನ ದಿನವಷ್ಟೇ ಬಂದಿದ್ದ, ಕಣ್ಣು ಊದಿಕೊಂಡಿದ್ದವು. ಎಲ್ಲ ಕೇಳಿ ತಲೆ ಹಿಡಿದುಕೊಂಡ.

“ಅಕ್ಕಾ, ನಮ್ ಅಂಗಡಿ ಪೋಸ್ಟರ್ ತುಂಬಾ ನಿನ್ ಮುಖಾನೇ ಇದೆ. ವ್ಯಾಂಕೂವರ್ ಅಂಗಡಿ ಶುರುವಾಗೋ ತನಕ ಸುಮ್ನೆ ಕೂತಿರು, ಸಾಕು. ನೆಕ್ಕೋದು ದೋರಿಂಗ್ ನೆಕ್ಕಲಿ.”

“ಕೂತೂ ಕೂತೂ ಸಾಕಾಗಿದೆ ಕಣೋ. ಮಿಲಾನ್‌ನಲ್ಲಿ ನನ್ ತಂಗಿ ಕೆಲಸಕ್ಕಿರೋ ಮನೆ ಮುದುಕೀನ ಎತ್ತಿ ಇಳಿಸಿ ಸೊಂಟ ಮುರ್ಕೊಂಡಿದಾಳೆ. ರಜಾ ಸಿಕ್ಕಿದ್ ದಿನ ನಿನ್ ಅಂಗಡಿ ಮುಂದೆ ಎರಡ್ ಗಂಟೆ ಸಾಲಲ್ಲಿ ನಿಂತು, ನಮ್ಮಕ್ಕ ನೋಡಿದ ಗ್ರೇವಿ ಅಂತ ಅನ್ನಕ್ಕೆ ಸುರ್ಕೋತಾಳೆ. ಅವಳಿಗೆ ಇನ್ನೂ ಸುಳ್ಳು ಹೇಳ್ಲಾ?”

ಅನ್ಸೆಲ್ಮೊ ಕಿಟಕಿಯ ಕಡೆ ನೋಡಿದ. “ನಿಜ ಹೇಳ್ಲಾ ಅಕ್ಕಾ? ಹೋದಲ್ಲೆಲ್ಲ ಅದನ್ನೇ ತಿಂದೂ ತಿಂದೂ ನಂಗೂ ರುಚಿ ಗೊತ್ತಾಗ್ತಿಲ್ಲ.”

“ಹಂಗಾದ್ರೆ ನೀನೂ ಮನೆಗೆ ಹೋಗು,” ಅಂದಳು ಅಕ್ಕ.

ಅವನು ಹೋಗಲಿಲ್ಲ. ಅಕ್ಕ ತಿಂಗಳ ಕೊನೆಗೆ ಕೆಲಸ ಬಿಟ್ಟಳು. ತಂಗಿಗೆ ತಾನೇ ಫೋನು ಮಾಡಿ ಹೇಳಿದಳಂತೆ; ಆಕೆ ಅತ್ತು, ಆಮೇಲೆ ಬೈದು, ಆಮೇಲೆ ಸುಮ್ಮನಾದಳಂತೆ. ಪೋಸ್ಟರು ಮಾತ್ರ ವ್ಯಾಂಕೂವರಿಗೂ ಹೋಯಿತು.

ಈಗ ಆ ಕುರ್ಚಿಯಲ್ಲಿ ನಾನು. ಮನೆಯಲ್ಲಿ ಕೋಳಿ ಮಾಡುವುದನ್ನೇ ಬಿಟ್ಟಿದ್ದೇನೆ. ಕಳೆದ ಭಾನುವಾರ ಅಕ್ಕನನ್ನು ನೋಡಲು ಹೋದೆ. ಹನ್ನೊಂದು ಗಂಟೆಯಾದರೂ ಮಲಗಿದ್ದಳು, ಬಾಯಿ ತೆರೆದುಕೊಂಡು, ಗೊರಕೆ ಹೊಡೆಯುತ್ತ. ಎಬ್ಬಿಸಲು ಮನಸ್ಸಾಗಲಿಲ್ಲ. ಹೊಸ್ತಿಲ ಮೇಲೆ ಕೂತು ನಾನೂ ಕಣ್ಣು ಮುಚ್ಚಿದೆ.