ಬಲೂನಿನ ಬಾಲ

ಸರ್ರ್, ಸರ್ರ್ ಎಂದು ಕಾಫಿ ಬೀಜದ ಮೇಲೆ ಹಲಗೆ ಎಳೆಯುವ ಸದ್ದು, ತಮ್ಮನ ಹೆಂಡತಿ ಯಮುನ ಅಂಗಳದ ಆ ತುದಿಯಿಂದ ಈ ತುದಿಗೆ ಬರುತ್ತಿದ್ದಾಳೆ, ಮೊಬೈಲಿನ ಗಾಜಿಗೆ ಬಿಸಿಲು ಬಿದ್ದು ಬೊಳ್ಳಪ್ಪನಿಗೆ ಏನೂ ಕಾಣುವುದಿಲ್ಲ, ಅಂಗೈ ಅಡ್ಡ ಹಿಡಿದ ಮೇಲೆ ಕಂಡಿತು — ಮಳೆ, ಗುಡ್ಡ, ಇಬ್ಬರು ಗಂಡಸರು, ಒಬ್ಬನ ತಲೆಯ ಮೇಲೆ ಮಾತು ಬರೆಯುವ ಬಿಳಿ ಬಲೂನು, ಒಳಗೆ ಒಂದಕ್ಷರವೂ ಇಲ್ಲ. ಕೆಳಗೆ ಸಿಂಚನಾಳ ದನಿ, ಕುಶಾಲನಗರದ ಪುಟ್ಟಸ್ವಾಮಿಯ ಮಗಳು, ಶುಂಠಿ ಬೆಳೆಯುವವರ ಮನೆಯಲ್ಲಿ ಹುಟ್ಟಿ ಕಾಮಿಕ್ಸ್ ಬರೆಯುತ್ತಾಳೆ, ಅಜ್ಜ, ಹದಿನಾಲ್ಕನೇ ಪುಟ ಒಂದೇ ಬಾಕಿ, ನಿಮ್ಮ ತಮ್ಮ ವಾಪಸ್ ಮನೆಗೆ ಓಡೋವಾಗ ಏನಂದ್ರು ಅಂತ ಹೇಳ್ಬಿಡಿ, ಮೂರು ಗಂಟೆಗೆ ಪ್ರೆಸ್ಸಿಗೆ ಕಳಿಸ್ಬೇಕು. ಏನಂದ, ಏನಂದ ಅಂದರೆ — ಎಂಟು ತಿಂಗಳಿಂದ ಈ ಡಬ್ಬಿಯೊಳಗೆ ಮಾತಾಡಿದ್ದೇ ಮಾತಾಡಿದ್ದು, ಆನೆಯದ್ದು, ಜಿಗಣೆಯದ್ದು, ಗಾಳಿಬೀಡಿನ ಹಳೇ ದಾರಿಯದ್ದು, ಅವಳು ಮೊದಲು ಪೆನ್ಸಿಲಲ್ಲಿ ಗೀಚಿ ಕಳಿಸುವುದು, ಇವನು ಬೈಯುವುದು, ಮಾಡಿನ ಇಳಿಜಾರು ಹಂಗಲ್ಲ ಕೂಸೇ, ನಮ್ಮ ಮಳೆ ನಿನ್ನ ಮನೆ ನಲ್ಲಿ ನೀರಲ್ಲ, ಆಮೇಲೆ ಕಪ್ಪು ಶಾಯಿ, ಅಕ್ಷರ ಎಲ್ಲಕ್ಕಿಂತ ಕೊನೆಗೆ, ಯಾಕೆಂದು ಕೇಳಿದರೆ, ನಿಮ್ಮ ಮಾತು ಮುಗಿದ ಮೇಲೆ ತಾನೇ ಅಜ್ಜ, ನಿಮ್ಮದು ಮುಗಿಯೋದೇ ಇಲ್ವಲ್ಲ ಅಂತಾಳೆ. ಮುಗಿದಿದೆ ಈಗ. ಬೆಳಿಗ್ಗೆಯಿಂದ ಮೂರು ಸಲ ಮೈಕಿನ ಗುರುತು ಒತ್ತಿ ಹಿಡಿದು ಮೂರು ಸಲ ಅಳಿಸಿದ.

ಮೊದಲನೇ ಪುಸ್ತಕ ಆನೆಯದ್ದು, ಇಪ್ಪತ್ತು ಪುಟ, ಎರಡು ಪಿನ್ನು, ಅದನ್ನು ಯಾರು ಓದುತ್ತಾರೆ ಅಂದುಕೊಂಡರೆ ಬೇಕರಿಯ ಬನ್ನಿನ ಪಕ್ಕ ಇಟ್ಟಿದ್ದು ಹೋಯಿತು, ಬಸ್ಸಿನ ಕಂಡಕ್ಟರು ಒಂದು ಕಟ್ಟು ಕಕ್ಕಬೆಯ ಹೋಂಸ್ಟೇಗಳಿಗೆ ಕೊಟ್ಟ, ಶಾಲೆಯಲ್ಲಿ ಒಂದೇ ಪುಸ್ತಕ ಕೈಯಿಂದ ಕೈಗೆ ಹೋಗಿ ಪಿನ್ನು ಕಿತ್ತು ಹಾಳೆಹಾಳೆಯಾಗಿ ಓದಿಸಿಕೊಂಡಿತು, ಮಕ್ಕಳು ದಾರಿಯಲ್ಲಿ ಅಡ್ಡ ನಿಂತು, ಅಜ್ಜ, ಮತ್ತೆ ಎಂಥ ಆತ್. ಯಮುನ ಓದುವವಳಲ್ಲ, ಆದರೆ ಚಿತ್ರದ ಮೇಲೆ ಬೆರಳಿಟ್ಟು ಕೊನೆಯ ಪುಟದವರೆಗೂ ಹೋದಳು, ಗಂಡ ತೀರ್ಥಪ್ರಸಾದನ ಮುಖ ಬಂದಲ್ಲಿ ಬೆರಳು ನಿಂತಿತು, ಮೀಸೆ ಇಷ್ಟು ದಪ್ಪ ಇರ್ಲಿಲ್ಲೆ ಬಾವ, ಅಷ್ಟೇ ಅಂದಳು. ಬಲೂನಿನ ಬಾಲ ಯಾರ ಬಾಯಿಯ ಕಡೆಗಿದೆಯೋ ಅವರ ಮಾತು ಅಂತ ಅವಳಿಗೆ ಹೇಳಿಕೊಟ್ಟವನು ಇವನೇ. ಈ ಪುಸ್ತಕವನ್ನೂ ಮೊದಲು ಅವಳೇ ನೋಡುತ್ತಾಳೆ, ಹದಿನಾಲ್ಕನೇ ಪುಟಕ್ಕೂ ಬೆರಳಿಡುತ್ತಾಳೆ, ಬಾಲ ಹಿಡಿದು ಹೋಗುತ್ತಾಳೆ, ಬಾಲ ಇರುವುದು ತಮ್ಮನ ಬಾಯಿಗೆ.

ಊರೆಲ್ಲ ಹೇಳುವುದೂ ಹಾಗೆಯೇ, ಗುಡ್ಡ ಜಾರುತ್ತಿದ್ದರೂ ತೀರ್ಥಪ್ರಸಾದ ಮನೆತನದ ಕೋವಿ ತರಲು ತಾನಾಗಿ ತಿರುಗಿ ಹೋದ, ಗಂಡಸು ಅಂದರೆ ಅವನು, ಇವನೂ ತಲೆಯಾಡಿಸಿದ, ಒಮ್ಮೆ ಆಡಿಸಿದ ತಲೆ ನಿಲ್ಲಿಸುವುದು ಹೇಗೆ. ಅಜ್ಜನ ಕಾಲದ ಕೋವಿ, ಗಂಡು ಹುಟ್ಟಿದರೆ ಒಂದು ಈಡು, ಸತ್ತರೆ ಎರಡು, ಆಯುಧದ ಹಬ್ಬ ಕೈಲ್ ಮುಹೂರ್ತಕ್ಕೆ ಹೂ ಮುಡಿಸಿ ಕೈಮುಗಿಯುವ ಕೋವಿ — ಒಂಬತ್ತನೇ ದಿನ ಕೆಸರಿನಲ್ಲಿ ಸಿಕ್ಕಿತು, ನಳಿಗೆಯ ತುಂಬ ಮಣ್ಣು, ಪಟ್ಟಿ ಅವನ ಮೊಣಕೈಗೆ ಸುತ್ತಿಕೊಂಡಿತ್ತು, ಅವನಿಗೆ ಎರಡು ಈಡು ಹೊಡೆಯಲು ನೆರೆಯವರ ಕೋವಿ ಕೇಳಬೇಕಾಯಿತು. ಯಮುನ ಅವನು ತಿರುಗಿ ಹೋದ ಹೊತ್ತು ಕೆಳಗೆ ರಸ್ತೆಯಲ್ಲಿ ಜೀಪಿನ ಹತ್ತಿರ, ಮಳೆಯ ಸದ್ದಿಗೆ ಅವಳಿಗೇನು ಕೇಳುತ್ತದೆ. ಸರ್ಕಾರ ಕೊಟ್ಟ ಈ ಮನೆಗೆ ಬಂದ ಮೇಲೂ ಪ್ರತಿ ಕೈಲ್ ಮುಹೂರ್ತಕ್ಕೆ ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ, ಕಳೆದ ಸಲ ಬಾಗಿಲ ಆಚೆಯಿಂದ, ನಾ ಕೆಳಗೆ ಕರೀತಾ ಇದ್ದೆ ಬಾವ, ನಂಗಿಂತ ಅವಂಗೆ ಕೋವಿನೇ ದೊಡ್ಡದಾತ್. ಇವನು ಆಗಲೂ ಬಾಗಿಲ ಈಚೆ ತಲೆಯಾಡಿಸಿದ, ಬಾಯಿ ಮುಚ್ಚಲು ಬಾರದ ಬೊಳ್ಳಪ್ಪ.

ತಾನಾಗಿ ಎಲ್ಲಿ ಹೋದ, ಅವನು ಬೇಲಿಯ ದಣಪೆ ದಾಟಿಯಾಗಿತ್ತು, ಅಣ್ಣ, ಬಾ ಬಾ, ಅಂತ ಕೈ ಚಾಚಿದ್ದ, ಚಾಚಿದ ಕೈ ಬರಿದಾಗಿತ್ತು, ಅದನ್ನು ನೋಡಿಯೇ ಇವನಿಗೆ ಸಿಟ್ಟು ನೆತ್ತಿಗೇರಿದ್ದು — ಈಗ ಸರ್ರ್ ಸರ್ರ್ ಹತ್ತಿರ ಬಂತು, ಬಾವ, ಚಾ ತಣ್ಣಗಾತ್, ಹಂಗೆಂಥ ನೋಡ್ತಾ ಕುದ್ದೊಳರಿ ಅದ್ರ. ಎರಡೂ ಮುಕ್ಕಾಲು. ಏನಾದರೂ ಹೇಳಬಹುದು, ಈಗ ಬಂದೆ ಅಣ್ಣ, ಮೂರೇ ಮಾತು, ಬಲೂನು ತುಂಬುತ್ತದೆ, ಪ್ರೆಸ್ಸು ತಿರುಗುತ್ತದೆ, ಮಕ್ಕಳು ಹಾಳೆ ಕೀಳುವಷ್ಟು ಓದುತ್ತಾರೆ, ಆ ಬೆರಳು ಮತ್ತೆ ಅಲ್ಲೇ ಬಂದು ನಿಲ್ಲುತ್ತದೆ. ಒತ್ತಿ ಹಿಡಿದ. ಕೂಸೇ ಸಿಂಚನಾ, ಅವ ಓಡುವಾಗ ಎಂಥದೂ ಹೇಳ್ಲಿಲ್ಲೆ. ಬಾಲ ತಿರುಗ್ಸು, ನನ್ನ ಬಾಯಿಗೆ ಇಡು. ಬರ್ಕೋ, ಕೋವಿ ಬುಟ್ಟ್ ಬಂದೊಳನಾ, ನೀ ಗಂಡ್ಸಾ, ಹೋಗಿ ತಕಂಡ್ ಬಾ. ಹೆಬ್ಬೆರಳು ಬಿಟ್ಟ, ಟುಣ್ ಎಂದು ಹೋಯಿತು, ಅಳಿಸಬಹುದು ಇನ್ನೂ, ಅಳಿಸಲಿಲ್ಲ, ಹಲಗೆ ಎಳೆಯುವ ಸದ್ದು ಯಾವಾಗ ನಿಂತಿತೋ, ಕಾಫಿ ಬೀಜದ ಮೇಲೆ ಅವಳ ನೆರಳು ಅಲುಗುತ್ತಿಲ್ಲ, ತಲೆ ಎತ್ತಲಾರ, ಗಾಜಿನಲ್ಲಿ ಮಳೆ, ಗುಡ್ಡ, ಚಾಚಿದ ಬರಿಗೈ, ಬಿಳಿ ಬಲೂನು, ಅದರ ಬಾಲ, ಇನ್ನೂ ಅವನ ಬಾಯಿಗೇ ಇರುವ ಬಾಲ