ಎರಡನೆಯ ದಿಬ್ಬ

ಈಗಲೇ ಹೊರಡಿಸಬೇಕೇ, ಇನ್ನೊಂದು ಉಸಿರು ಕಾಯಬೇಕೇ? ದಿಬ್ಬದ ಬುಡದಲ್ಲಿ ಕುದುರೆಯನ್ನು ನಿಲ್ಲಿಸಿಕೊಂಡು ಅದು ಎಳೆಯುವ, ಗಾಲಿಯಿಲ್ಲದ ಕಬ್ಬಿಣದ ಬಂಡಿಯ ಮೇಲೆ ನಿಂತಿದ್ದ ಸವಾರ ಇವಾಸೆಗೆ ಬಗೆಹರಿಯಲಿಲ್ಲ. ಒಬಿಹಿರೋ ಊರಿನ ಈ ಭಾರ ಎಳೆಯುವ ಪಂದ್ಯದಲ್ಲಿ ಎರಡನೆಯ ದಿಬ್ಬದ ಮುಂದೆ ಎಲ್ಲರೂ ಕುದುರೆಗೆ ದಮ್ಮು ತೆಗೆದುಕೊಳ್ಳಲು ಬಿಡುತ್ತಾರೆ. ಆದರೆ ನಿಂತ ಬಂಡಿ ಮರಳನ್ನು ಕಚ್ಚಿಕೊಳ್ಳುತ್ತದೆ. ಕದಲಿಸುವುದೇ ಕಷ್ಟ, ಕದಲಿದ ಮೇಲೆ ಎಳೆಯಲು ಅಷ್ಟು ಬಲ ಬೇಡ. ಅವನ ಕುದುರೆ ಕಿತಾನೊಗೆ ವಯಸ್ಸಾಗಿತ್ತು. ಇವತ್ತೂ ಕೊನೆಯ ಸ್ಥಾನಕ್ಕೆ ಬಂದರೆ ಮಾಂಸದ ಲಾರಿಗೆ ಹತ್ತಿಸುತ್ತೇನೆಂದು ಮಾಲೀಕ ಒನೋದೆರಾ ಬೆಳಿಗ್ಗೆಯೇ ಹೇಳಿದ್ದ.

ಇವಾಸೆ ಲಗಾಮು ಸಡಿಲಿಸಿ ಕೂಗು ಹಾಕಿದ. ಕಿತಾನೊ ಕೊರಳು ತಗ್ಗಿಸಿ, ಹಿಂಗಾಲು ಊರಿ, ಮೈಯ ಭಾರವನ್ನೆಲ್ಲ ಮುಂದಕ್ಕೆ ಚೆಲ್ಲಿತು. ಬಂಡಿ ಕಿರುಗುಟ್ಟಿ ಹೊರಟಿತು. ನಿಧಾನವಾದರೂ ತಡೆಯಿಲ್ಲದ ನಡಿಗೆ. ಹಿಂದೆ ಇನ್ನೂ ಮೂರು ಕುದುರೆಗಳಿದ್ದವು. ಅರ್ಧ ಏರು ಮುಗಿಯಿತು.

ಬೇಲಿಯಾಚೆ ಜನ ಕುದುರೆಗಳ ಜೊತೆಜೊತೆಗೇ ನಡೆದು ಬರುತ್ತಿದ್ದರು. ಅವರಲ್ಲೊಬ್ಬ ಹೆಂಗಸು ಇವನತ್ತ ನೋಡಿ, “ಏನಯ್ಯಾ, ಮುದಿ ಪ್ರಾಣೀನ ಹಿಂಗೆ ಸಾಯಿಸ್ತೀಯಲ್ಲ. ನೀನೇ ಇಳಿದು ಎಳಿ ನೋಡೋಣ” ಎಂದಳು. ಸುತ್ತಲಿನವರು ನಕ್ಕರು. ಇವಾಸೆಯ ಕಿವಿ ಬಿಸಿಯಾಯಿತು. ತಾನು ಕಟುಕನಲ್ಲವೆಂದು ಅವಳಿಗೆ ತೋರಿಸಬೇಕೆನಿಸಿತೋ ಏನೋ, ಕೈ ಹಿಂದಕ್ಕೆ ಬಂತು. ಲಗಾಮು ಬಿಗಿಯಿತು. ಕಿತಾನೊ ಮಾತು ಕೇಳುವ ಕುದುರೆ, ನಿಂತಿತು.

ಏರಿನಲ್ಲಿ ನಿಂತ ಬಂಡಿ ಮತ್ತೆ ಅಲುಗಲಿಲ್ಲ. ಕಿತಾನೊ ಮೈಯೆಲ್ಲ ನಡುಗಿಸಿ ಎಳೆಯಿತು, ಮೊಣಕಾಲೂರಿತು, ಎದ್ದು ಮತ್ತೆ ಎಳೆಯಿತು. ಹಿಂದಿದ್ದ ಮೂರೂ ಪಕ್ಕದಲ್ಲೇ ಏರಿ ಹೋದವು.

ಪಂದ್ಯ ಮುಗಿದ ಮೇಲೆ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ತೊಕುಜಿ ಹುಲ್ಲಿನ ಸಿಂಬಿಯಿಂದ ಕಿತಾನೊನ ಬೆವರು ಒರೆಸುತ್ತಿದ್ದ. ಒನೋದೆರಾ ಒಳಗೆ ಬಂದು ಇವಾಸೆಯನ್ನು ಕೇಳಿದ, “ಅದು ತಾನಾಗೇ ನಿಂತ್ಕೊಂಡ್ತಾ?”

ಇವಾಸೆ ಬಾಯಿ ತೆರೆಯುವ ಮೊದಲೇ ತೊಕುಜಿ, “ಕಾಲಲ್ಲಿ ಶಕ್ತಿ ಮುಗೀತು ಯಜಮಾನ್ರೇ. ಪಾಪ, ಇವಾಸೆ ಏನ್ ಮಾಡ್ತಾನೆ” ಎಂದ.

ಒನೋದೆರಾ ಇವಾಸೆಯ ಮುಖವನ್ನೇ ನೋಡುತ್ತ ಕಾದ. ತಪ್ಪು ಕುದುರೆಯದೋ ಅಲ್ಲವೋ ಎಂಬುದಕ್ಕೆ ಸವಾರನ ಮಾತೇ ಕೊನೆಯ ಮಾತು. ಇವಾಸೆ ಹೌದೆಂದು ತಲೆಯಾಡಿಸಿದ. ಕಿತಾನೊ ಎಂದಿನಂತೆ ಅವನ ತೋಳಿಗೆ ಮೂತಿ ಒತ್ತಿತು. ಅವನು ಸರಿದು ನಿಂತ.

ಮರುದಿನ ಲಾರಿ ಬಂತು. ಆಮೇಲೆ ಆ ಪಂದ್ಯದ ಮಾತು ಬಂದಾಗಲೆಲ್ಲ ತೊಕುಜಿ ಇವಾಸೆಗೇ ಸಮಾಧಾನ ಹೇಳುತ್ತಿದ್ದ. ಕುದುರೆ ತಾನಾಗಿ ನಿಲ್ಲಲಿಲ್ಲ, ನಾನೇ ಲಗಾಮು ಎಳೆದೆ ಎಂದು ಇವಾಸೆ ಅವನಿಗೆ ಹೇಳಲೇ ಇಲ್ಲ.